ಕ್ಯಾಸಿನೊ ಇರುವ ಟೂರ್ ಪ್ಯಾಕೇಜ್‌ಗೆ ಜಾಹೀರಾತು ಹಾಕುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಆನಂದರಾವ್ ಸರ್ಕಲ್‌ನಲ್ಲಿ ರಾತ್ರಿ ಹತ್ತಿದ ಗೋವಾ ಬಸ್ಸು ಬೆಳಿಗ್ಗೆ ಪಣಜಿ ಮುಟ್ಟಿಸುತ್ತದೆ. ಬಸ್ ಟಿಕೆಟ್, ಎರಡು ರಾತ್ರಿಯ ರೂಮು, ಮಾಂಡೋವಿ ನದಿಯ ಕ್ಯಾಸಿನೊ ಹಡಗಿನ ಪ್ರವೇಶ ಮೂರನ್ನೂ ಸೇರಿಸಿ ಒಂದು ಪೋಸ್ಟರ್ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಲು ಐದು ನಿಮಿಷ ಸಾಕು. ಆ ಒಂದು ಪೋಸ್ಟರ್ ಮೇಲೆ ಎಷ್ಟು ಕಾನೂನುಗಳ ಕಣ್ಣಿದೆ ಎಂಬುದು ಹಾಕಿದವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಈ ಪುಟ ಬೆಂಗಳೂರಿನ ಟ್ರಾವೆಲ್ ಏಜೆನ್ಸಿಗಳಿಗೆ, ಹೋಟೆಲ್ ಮಾರ್ಕೆಟಿಂಗ್‌ನವರಿಗೆ, ಕಂಪನಿ ಔಟಿಂಗ್ ಏರ್ಪಡಿಸುವವರಿಗೆ ಮತ್ತು ರೀಲ್ಸ್ ಮಾಡುವವರಿಗೆ.

ಗೋವಾದಲ್ಲಿ ಕ್ಯಾಸಿನೊ ಕಾನೂನುಬದ್ಧ ತಾನೇ? ಬೆಂಗಳೂರಿನಲ್ಲಿ ಅದರ ಜಾಹೀರಾತಿಗೆ ಯಾಕೆ ತಕರಾರು?

ಪಣ ಮತ್ತು ಜೂಜು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಇವೆ, 34ನೇ ನಮೂದು. ಹಾಗಾಗಿ ರಾಜ್ಯಕ್ಕೊಂದು ಕಾನೂನು. ಗೋವಾ ತನ್ನ 1976ರ ಸಾರ್ವಜನಿಕ ಜೂಜು ಕಾಯ್ದೆಗೆ 13ಎ ಕಲಂ ಸೇರಿಸಿ, ಮೊದಲು 1992ರಲ್ಲಿ ಪಂಚತಾರಾ ಹೋಟೆಲ್‌ಗಳ ಸ್ಲಾಟ್ ಯಂತ್ರಗಳಿಗೆ, ಆಮೇಲೆ 1996ರಲ್ಲಿ ಹಡಗಿನ ಮೇಲಿನ ಟೇಬಲ್ ಆಟಗಳಿಗೆ ಬಾಗಿಲು ತೆರೆಯಿತು. ಸಿಕ್ಕಿಮ್‌ಗೂ 2002ರ ತನ್ನದೇ ಕ್ಯಾಸಿನೊ ಕಾಯ್ದೆ ಇದೆ. ಕರ್ನಾಟಕದಲ್ಲಿ ಅಂಥ ಬಾಗಿಲಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78, 79, 80ನೇ ಕಲಂಗಳು ಮಟ್ಕಾದಿಂದ ಹಿಡಿದು ಇಸ್ಪೀಟು ಅಡ್ಡೆಯವರೆಗೆ ಎಲ್ಲವನ್ನೂ ಹಿಡಿಯುತ್ತವೆ. ಗೋವಾದ ಪರವಾನಗಿ ಗೋವಾದ ಗಡಿಯಲ್ಲೇ ಮುಗಿಯುತ್ತದೆ.

ಆದರೆ ನಿಮ್ಮ ಪೋಸ್ಟರ್‌ಗೆ ನಿಜವಾಗಿ ತಾಗುವುದು ಪೊಲೀಸ್ ಕಾಯ್ದೆಗಿಂತ ಹೆಚ್ಚಾಗಿ ಗ್ರಾಹಕ ಕಾನೂನು. ದಾರಿತಪ್ಪಿಸುವ ಜಾಹೀರಾತು ತಡೆಯುವ 2022ರ ಮಾರ್ಗಸೂಚಿಗಳು ಕಾನೂನು ನಿಷೇಧಿಸಿದ ಸರಕು-ಸೇವೆಗಳ ಜಾಹೀರಾತನ್ನೂ, ಅದನ್ನೇ ಬೇರೆ ವೇಷದಲ್ಲಿ ತರುವ ಬದಲಿ ಜಾಹೀರಾತನ್ನೂ ತಡೆಯುತ್ತವೆ. 2024ರ ಮಾರ್ಚ್ 6ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಪಣ ಮತ್ತು ಜೂಜಿನ ಪ್ರಚಾರದ ಬಗ್ಗೆ ಪ್ರತ್ಯೇಕ ಸಲಹಾ ಸೂಚನೆಯನ್ನೇ ಹೊರಡಿಸಿ, ಸೆಲೆಬ್ರಿಟಿಗಳನ್ನೂ ಇನ್‌ಫ್ಲುಯೆನ್ಸರ್‌ಗಳನ್ನೂ ಎಚ್ಚರಿಸಿತು. ಆಟ ನಡೆಯುವುದು ಅದಕ್ಕೆ ಅನುಮತಿ ಇರುವ ರಾಜ್ಯದಲ್ಲಿ, ಆಟಕ್ಕೆ ಕರೆಯುವುದು ಅನುಮತಿ ಇಲ್ಲದ ರಾಜ್ಯದ ಜನರನ್ನು. ಅಡಚಣೆ ಇರುವುದೇ ಈ ಎರಡರ ನಡುವಿನ ಸಂದಿಯಲ್ಲಿ.

ನಾವು ಸೂಚಿಸುವ ಕೆಲಸದ ನಿಯಮ ಇಷ್ಟು: ಊರನ್ನು ಮಾರಿ, ರೂಮನ್ನು ಮಾರಿ, ಹಡಗಿನ ಊಟವನ್ನೂ ಬೇಕಾದರೆ ಮಾರಿ. ಆಟವನ್ನು ಮಾರಬೇಡಿ. ಇದು ಯಾವ ಕಾಯ್ದೆಯ ಶಬ್ದವೂ ಅಲ್ಲ, ಆದರೆ ಇದನ್ನು ಪಾಲಿಸಿದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

‘ಕ್ಯಾಸಿನೊ’ ಎಂಬ ಪದವನ್ನೇ ಬಳಸಬಾರದೇ?

ಪದಕ್ಕೆ ನಿಷೇಧವಿಲ್ಲ. ಪದದ ಹಿಂದೆ ಬಿದ್ದು ಕೆಟ್ಟ ಸರ್ಕಾರಿ ಪ್ರಯೋಗ ಒಂದಿದೆ, ತಿಳಿದಿರುವುದು ಒಳ್ಳೆಯದು. ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊ ರಿಕೊ ದ್ವೀಪ 1948ರಲ್ಲಿ ಪ್ರವಾಸೋದ್ಯಮಕ್ಕೆಂದೇ ಕ್ಯಾಸಿನೊಗಳನ್ನು ಒಪ್ಪಿಕೊಂಡಿತು. ಆದರೆ ದ್ವೀಪದ ಜನರಿಗೆ ಅವುಗಳ ಜಾಹೀರಾತು ತೋರಿಸಬಾರದು ಎಂದಿತು. ಹೊರಗಿನವರನ್ನು ಕರೆಯಬಹುದು, ಮನೆಯವರನ್ನು ಕರೆಯಬಾರದು. ಮುಂದೆ ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ ಇದನ್ನು ಎಳೆದೂ ಎಳೆದೂ, ಹೋಟೆಲಿನ ಬೆಂಕಿಪೊಟ್ಟಣ, ಲೈಟರ್, ಲಕೋಟೆ, ಬಿಲ್ಲು, ಕರವಸ್ತ್ರದ ಮೇಲೂ ‘ಕ್ಯಾಸಿನೊ’ ಎಂಬ ಪದ ಇರಬಾರದು ಎನ್ನುವವರೆಗೆ ಹೋಯಿತು. 1978ರಲ್ಲಿ ದಂಡ ತೆತ್ತ ಒಂದು ಹೋಟೆಲ್ ಕೋರ್ಟಿಗೆ ಹೋಯಿತು. ಸ್ಥಳೀಯ ನ್ಯಾಯಾಲಯ ಬೆಂಕಿಪೊಟ್ಟಣದ ಮಟ್ಟದ ಅತಿರೇಕವನ್ನು ಕತ್ತರಿಸಿತು. ಜಾಹೀರಾತು ಯಾರನ್ನು ಉದ್ದೇಶಿಸಿದೆ ಎಂಬುದೇ ಅಳತೆಗೋಲಾಯಿತು. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಆ ನಿರ್ಬಂಧವನ್ನು ಎತ್ತಿಹಿಡಿಯಿತು. ಮುಂದೆ 1990ರ ದಶಕದ ತೀರ್ಪುಗಳು ಅದರ ಬಲ ಕುಗ್ಗಿಸಿದವು, ಅದು ಬೇರೆ ಕಥೆ.

ನಮ್ಮಲ್ಲಿ ಕೂಡ ಕೊನೆಗೆ ನೋಡುವುದು ಇದನ್ನೇ: ಇಡೀ ಜಾಹೀರಾತು ಯಾರಿಗೆ, ಏನು ಮಾಡಲು ಹೇಳುತ್ತಿದೆ. ‘ಮಧ್ಯಾಹ್ನ 3ಕ್ಕೆ ದೋಣಿಯಲ್ಲಿ ಕ್ಯಾಸಿನೊ ಹಡಗಿಗೆ, ಪ್ರವೇಶ 21 ವರ್ಷ ಮೇಲ್ಪಟ್ಟವರಿಗೆ ಮಾತ್ರ, ಬೇಡವಾದವರಿಗೆ ಮಿರಾಮಾರ್ ಬೀಚ್’ ಎಂಬುದು ಕಾರ್ಯಕ್ರಮದ ವಿವರ. ‘ಖಾಲಿ ಜೇಬಲ್ಲಿ ಹೋಗಿ, ಲಕ್ಷಾಧಿಪತಿಯಾಗಿ ಬನ್ನಿ’ ಎಂಬುದು ಜೂಜಿನ ಕರೆ. ಎರಡನೆಯದರಿಂದ ‘ಕ್ಯಾಸಿನೊ’ ಪದ ತೆಗೆದು ಇಸ್ಪೀಟಿನ ಎಕ್ಕದ ಚಿತ್ರ ಹಾಕಿದರೂ ಅದು ಕರೆಯೇ.

ಯಾವ ಸಾಲುಗಳು ಖಂಡಿತ ಬೇಡ?

ಗೆಲುವಿನ ಭರವಸೆ ಇರುವ ಯಾವುದೂ. ‘ನಮ್ಮ ಕಳೆದ ಬ್ಯಾಚ್‌ನವರು ಇಷ್ಟು ಗೆದ್ದರು’ ಎಂಬ ನೋಟಿನ ಕಂತೆಯ ಫೋಟೊ. ಜೂಜನ್ನು ಸಾಲ ತೀರಿಸುವ, ಮದುವೆ ಖರ್ಚು ಹೊಂದಿಸುವ ದಾರಿಯಾಗಿ ತೋರಿಸುವುದು. ‘ತೆರಿಗೆ ಇಲ್ಲದ ಗೆಲುವು’ ಎಂಬ ಮಾತು ಶುದ್ಧ ಸುಳ್ಳು. ಜೂಜಿನ ಗೆಲುವಿಗೆ ಆದಾಯ ತೆರಿಗೆ ನೇರ ಶೇ 30, ಮೇಲೆ ಸೆಸ್. ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಭಾರತದ ನಿವಾಸಿ ಮಕಾವ್‌ನಲ್ಲಿ ಗೆದ್ದರೂ ಇಲ್ಲಿ ತೋರಿಸಲೇಬೇಕು.

ಕಣ್ತಪ್ಪಿ ನುಗ್ಗುವ ಇನ್ನೊಂದು ತಪ್ಪು ಫ್ಯಾಮಿಲಿ ಪ್ಯಾಕೇಜ್ ಪೋಸ್ಟರ್‌ನದು. ಒಂದು ಮೂಲೆಯಲ್ಲಿ ಡಾಲ್ಫಿನ್ ಜೊತೆ ನಗುತ್ತಿರುವ ಮಗು, ಇನ್ನೊಂದು ಮೂಲೆಯಲ್ಲಿ ರೂಲೆಟ್ ಚಕ್ರ. ಡಿಸೈನ್ ಮಾಡಿದವರಿಗೆ ಎರಡೂ ‘ಗೋವಾ’ ಫೋಲ್ಡರಿನ ಚಿತ್ರಗಳು. ಮಕ್ಕಳನ್ನು ಗುರಿಯಾಗಿಸುವ ಜಾಹೀರಾತಿಗೆ 2022ರ ಮಾರ್ಗಸೂಚಿಗಳಲ್ಲಿ ಪ್ರತ್ಯೇಕ ನಿಯಮಗಳೇ ಇವೆ. ಈ ಎರಡು ಚಿತ್ರಗಳನ್ನು ಒಂದೇ ಪೋಸ್ಟರ್‌ನಲ್ಲಿ ಎಂದೂ ಇಡಬೇಡಿ.

ಕೆಳಗೆ ಸಣ್ಣ ಅಕ್ಷರದಲ್ಲಿ ‘ಷರತ್ತು ಅನ್ವಯ’ ಎಂದು ಹಾಕಿದರೆ ಸಾಲದೇ?

ಸಾಲದು. ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಎಚ್ಚರಿಕೆಯೂ ಅದೇ ಭಾಷೆಯಲ್ಲಿ, ಅದೇ ಫಾಂಟಿನಲ್ಲಿ, ಎದ್ದು ಕಾಣುವ ಜಾಗದಲ್ಲಿ ಇರಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಕನ್ನಡದಲ್ಲಿ ಆಫರ್ ಕೊಟ್ಟು ಇಂಗ್ಲಿಷಿನಲ್ಲಿ ಷರತ್ತು ಬರೆಯುವ ಚಾಳಿ ಬೆಂಗಳೂರಿನಲ್ಲಿ ಬಹಳ; ಅದು ಅಲ್ಲೇ ಎಡವುತ್ತದೆ. ಮತ್ತೊಂದು ಮಾತು: ಎಚ್ಚರಿಕೆಯ ಸಾಲು ಮುಖ್ಯ ಮಾತನ್ನು ವಿವರಿಸಬಹುದು, ತಿರುಗಿಸಿ ಹಾಕುವಂತಿಲ್ಲ. ಮೇಲೆ ‘ಖಚಿತ ಗೆಲುವು’, ಕೆಳಗೆ ‘ಗೆಲುವು ಖಚಿತವಲ್ಲ’ ಎಂದರೆ ಎರಡೂ ನಿಮ್ಮ ವಿರುದ್ಧವೇ ಸಾಕ್ಷಿ.

‘2,000 ರೂಪಾಯಿ ಚಿಪ್ ಉಚಿತ’ ಎಂದು ಹಾಕಬಹುದೇ?

ಗೋವಾ ಹಡಗುಗಳ ಪ್ರವೇಶ ದರದಲ್ಲಿ ಊಟ, ಪಾನೀಯದ ಜೊತೆ ಒಂದಷ್ಟು ‘ಒಟಿಪಿ’ ಚಿಪ್ ಕೊಡುವ ಪದ್ಧತಿ ಇದೆ. ಬ್ಯಾಂಕಿನ ಒಟಿಪಿ ಅಲ್ಲ, ಒಂದೇ ಸಲ ಆಡುವ ಚಿಪ್. ಕೌಂಟರಿನಲ್ಲಿ ಕೊಟ್ಟು ನಗದು ಪಡೆಯಲು ಬರುವುದಿಲ್ಲ. ಗ್ರಾಹಕರು ಕೊಟ್ಟ ದುಡ್ಡಿನೊಳಗೇ ಅದು ಸೇರಿರುವಾಗ ‘ಉಚಿತ’ ಎನ್ನುವುದು ಹೇಗೆ? ‘ಉಚಿತ’ ಎಂಬ ಪದಕ್ಕೂ ಮಾರ್ಗಸೂಚಿಗಳಲ್ಲಿ ಕಟ್ಟಳೆ ಇದೆ. ಜೊತೆಗೆ, ಚಿಪ್ ಎಂದರೆ ನೇರವಾಗಿ ಆಟದ ಆಮಿಷ. ಪೋಸ್ಟರ್‌ನಿಂದ ಅದನ್ನು ತೆಗೆದುಬಿಡಿ. ಬುಕ್ ಮಾಡಿದವರಿಗೆ ಕೊಡುವ ವೋಚರ್‌ನಲ್ಲಿ ಮಾತ್ರ ‘ಪ್ರವೇಶದಲ್ಲಿ ಏನೇನು ಸೇರಿದೆ’ ಎಂಬ ಪಟ್ಟಿಯೊಳಗೆ, ನಗದಾಗುವುದಿಲ್ಲ ಎಂಬ ಮಾತಿನ ಸಮೇತ ಬರೆಯಿರಿ. ಹಡಗಿನ ಬಾಗಿಲಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಈ ಒಂದು ಸಾಲು ಬಿಟ್ಟುಹೋದಾಗ. ಎರಡನೇ ಕಾರಣ ಚಡ್ಡಿ-ಚಪ್ಪಲಿ. ಉಡುಪಿನ ನಿಯಮವನ್ನೂ ವೋಚರ್‌ನಲ್ಲೇ ಹಾಕಿ.

ಕ್ಯಾಸಿನೊದವರು ಕೊಟ್ಟ ಕ್ಯೂಆರ್ ಕೋಡನ್ನು ನಮ್ಮ ಬ್ರೋಷರ್‌ನಲ್ಲಿ ಹಾಕಬಹುದೇ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಆ ಕೋಡ್ ಹಡಗಿನ ವೇಳಾಪಟ್ಟಿಗೆ ಹೋದರೆ ಒಂದು ಲೆಕ್ಕ, ಮೊಬೈಲ್‌ನಲ್ಲೇ ದುಡ್ಡಿಟ್ಟು ಆಡುವ ಆ್ಯಪ್‌ಗೆ ಹೋದರೆ ಬೇರೆಯೇ ಲೆಕ್ಕ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿ, 22ರಂದು ರಾಷ್ಟ್ರಪತಿ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, ದುಡ್ಡಿಟ್ಟು ದುಡ್ಡು ಗೆಲ್ಲುವ ಆನ್‌ಲೈನ್ ಆಟವನ್ನು ನಡೆಸುವುದನ್ನಷ್ಟೇ ಅಲ್ಲ, ಅದರ ಜಾಹೀರಾತನ್ನೂ ಅಪರಾಧ ಮಾಡಿದೆ. ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ ಜೈಲು ಎರಡರಿಂದ ಮೂರು ವರ್ಷ, ದಂಡ 50 ಲಕ್ಷದಿಂದ ಒಂದು ಕೋಟಿ. ಜಾಹೀರಾತು ಮಾಡಿದವರು, ಮಾಡಿಸಿದವರು, ಅದಕ್ಕೆ ನೆರವಾದವರು ಎಲ್ಲರೂ ಅದರ ವ್ಯಾಪ್ತಿಯಲ್ಲಿ ಬರುತ್ತಾರೆ. ‘ನೇರವಾಗಿ ಅಥವಾ ಪರೋಕ್ಷವಾಗಿ’ ಎಂಬ ಮಾತೂ ಅದರಲ್ಲಿದೆ.

‘ರಮ್ಮಿ ಕೌಶಲದ ಆಟ, ಹೈಕೋರ್ಟೇ ಹೇಳಿದೆ’ ಎಂದು ಯಾರಾದರೂ ಧೈರ್ಯ ಕೊಟ್ಟರೆ ನಂಬಬೇಡಿ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ಆನ್‌ಲೈನ್ ಆಟದ ತಿದ್ದುಪಡಿಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿದ್ದು ನಿಜ. ಆದರೆ 2025ರ ಕೇಂದ್ರ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟಿದೆ. ದುಡ್ಡಿಟ್ಟು ಗೆಲ್ಲುವ ನಿರೀಕ್ಷೆ ಇದ್ದರೆ ಸಾಕು. ಆ ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೂ ಅರ್ಜಿ ಹೋಗಿತ್ತು. ಬೇರೆ ಹೈಕೋರ್ಟುಗಳ ಅರ್ಜಿಗಳ ಜೊತೆ ಅದನ್ನೂ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ಕೇಸು ನಡೆಯುತ್ತಿದೆ ಎಂಬುದು ಜಾಹೀರಾತು ಹಾಕಲು ಪರವಾನಗಿಯಲ್ಲ.

ಪರೀಕ್ಷೆ ಮಾಡುವುದು ಹೀಗೆ. ಪ್ರಿಂಟ್‌ಗೆ ಕೊಡುವ ಮೊದಲು ಕೋಡನ್ನು ನೀವೇ ಸ್ಕ್ಯಾನ್ ಮಾಡಿ. ತೆರೆದ ಪುಟದಲ್ಲಿ ‘ಈಗಲೇ ಆಡಿ’, ‘ಡೆಪಾಸಿಟ್’, ‘ವಾಲೆಟ್’, ‘ಬೋನಸ್’ ಎಂಬ ಗುಂಡಿ ಇದೆಯೇ ನೋಡಿ. ಮೊದಲ ಪುಟದಲ್ಲಿ ಇಲ್ಲದಿದ್ದರೆ ಮೆನು ತೆರೆದು ನೋಡಿ. ಕೋಡ್‌ಗೆ ಬಳಸಿದ್ದು ಚುಟುಕು ಲಿಂಕ್ ಆಗಿದ್ದರೆ ಬೇಡವೇ ಬೇಡ. ಇವತ್ತು ವೇಳಾಪಟ್ಟಿ ತೋರಿಸುವ ಅದೇ ಲಿಂಕನ್ನು ನಾಳೆ ಅವರು ಆ್ಯಪ್‌ಗೆ ತಿರುಗಿಸಬಹುದು. ನಿಮ್ಮ ಐದು ಸಾವಿರ ಬ್ರೋಷರ್ ಆಗಲೇ ಊರೆಲ್ಲ ಹಂಚಿ ಮುಗಿದಿರುತ್ತದೆ. ಕೋಡ್ ಬೇಕೇಬೇಕಿದ್ದರೆ ನಿಮ್ಮದೇ ಸೈಟಿನ ಪುಟಕ್ಕೆ ಹೋಗುವಂತೆ ಮಾಡಿ.

ರೀಲ್ಸ್ ಮಾಡುವ ಹುಡುಗ-ಹುಡುಗಿಯರಿಗೆ ಫ್ರೀ ಟ್ರಿಪ್ ಕೊಟ್ಟು ವಿಡಿಯೊ ಮಾಡಿಸುತ್ತೇವೆ. ದುಡ್ಡು ಕೊಡುವುದಿಲ್ಲ. ಅದೂ ಜಾಹೀರಾತೇ?

ಹೌದು. ದುಡ್ಡಿನ ಬದಲು ರೂಮು, ಊಟ, ಬಸ್ ಚಾರ್ಜು ಕೊಟ್ಟರೂ ಅದು ವ್ಯಾವಹಾರಿಕ ಸಂಬಂಧವೇ. ವಿಡಿಯೊದ ಮೇಲೆ ‘ಜಾಹೀರಾತು’ ಅಥವಾ ‘ಪ್ರಾಯೋಜಿತ’ ಎಂದು, ವಿಡಿಯೊದ ಭಾಷೆಯಲ್ಲೇ, ಕಾಣುವಂತೆ ಹಾಕಬೇಕು. ಹತ್ತು ಹ್ಯಾಶ್‌ಟ್ಯಾಗ್‌ಗಳ ಕೊನೆಯಲ್ಲಿ ತುರುಕಿದರೆ ಲೆಕ್ಕಕ್ಕಿಲ್ಲ. ಪಣದ ವೇದಿಕೆಗಳನ್ನು ಪ್ರಚಾರ ಮಾಡಬೇಡಿ ಎಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್ 21ರಂದು ಇನ್‌ಫ್ಲುಯೆನ್ಸರ್‌ಗಳಿಗೇ ಸೂಚನೆ ಕೊಟ್ಟಿದೆ.

ಪ್ರಾಯೋಗಿಕವಾಗಿ: ಡೆಕ್, ಸೂರ್ಯಾಸ್ತ, ಊಟ, ಸಂಗೀತ ತೋರಿಸಲಿ. ಟೇಬಲ್ ಬಳಿ ಕೂತು ಚಿಪ್ ಎಣಿಸುವ ದೃಶ್ಯ, ‘ಹಾಕಿದ್ದು ಐನೂರು, ಬಂದದ್ದು ಐದು ಸಾವಿರ’ ಎಂಬ ಮಾತು ಬೇಡ. ಇದನ್ನು ಬಾಯಲ್ಲಿ ಹೇಳದೆ ಒಪ್ಪಂದದಲ್ಲಿ ಬರೆಸಿ, ಅಪ್‌ಲೋಡ್‌ಗೆ ಮೊದಲು ವಿಡಿಯೊ ನೋಡಿ ಒಪ್ಪಿಗೆ ಕೊಡುವ ಹಕ್ಕು ಇಟ್ಟುಕೊಳ್ಳಿ.

ಗೋವಾ ಮೂಲದವರು ಬೆಂಗಳೂರಿನಲ್ಲಿದ್ದಾರೆ. ಅವರನ್ನು ಕರೆದೊಯ್ಯಬಹುದೇ?

ಪ್ರವಾಸಕ್ಕೆ ಧಾರಾಳವಾಗಿ. ಆದರೆ ಗೋವಾದ ನಿವಾಸಿಗಳು ಕ್ಯಾಸಿನೊದಲ್ಲಿ ಆಡುವಂತಿಲ್ಲ ಎಂದು ಅಲ್ಲಿನ ಸರ್ಕಾರ 2020ರ ಫೆಬ್ರವರಿಯಿಂದ ಹೇಳುತ್ತಿದೆ. ಗುರುತಿನ ಚೀಟಿಯ ವಿಳಾಸ ಗೋವಾದ್ದಿದ್ದರೆ ಬಾಗಿಲಲ್ಲಿ ತಡೆಯಬಹುದು. ಬುಕಿಂಗ್ ಸಮಯದಲ್ಲೇ ಕೇಳಿಬಿಡಿ.

ಸಿಂಗಪುರ, ಮಕಾವ್, ಗೆಂಟಿಂಗ್, ಕೊಲಂಬೊ ಪ್ಯಾಕೇಜ್‌ಗಳಿಗೆ ಏನು ನೋಡಬೇಕು?

ವಿಚಿತ್ರ ಎನಿಸಬಹುದು, ಕ್ಯಾಸಿನೊದಿಂದಲೇ ಬದುಕುವ ಊರುಗಳೇ ಅದರ ಜಾಹೀರಾತನ್ನು ಗಟ್ಟಿಯಾಗಿ ಹಿಡಿದಿಟ್ಟಿವೆ. ಮಕಾವ್‌ನ ಜಾಹೀರಾತು ಕಾನೂನು ಅದೃಷ್ಟದ ಆಟವನ್ನು ಜಾಹೀರಾತಿನ ಮುಖ್ಯ ವಸ್ತುವಾಗಿ ಮಾಡುವುದನ್ನು 1989ರಿಂದಲೇ ನಿಷೇಧಿಸಿದೆ. ಅದಕ್ಕೇ ಅಲ್ಲಿನ ರೆಸಾರ್ಟ್‌ಗಳ ಜಾಹೀರಾತಿನಲ್ಲಿ ನೀವು ನೋಡುವುದು ಕೊಠಡಿ, ಷೋ, ಷಾಪಿಂಗ್. ಸಿಂಗಪುರದಲ್ಲಿ 2010ರಲ್ಲಿ ಕ್ಯಾಸಿನೊ, ಹೋಟೆಲ್ ಎಲ್ಲ ಒಂದೇ ಕಡೆ ಇರುವ ಎರಡು ಸಮಗ್ರ ರೆಸಾರ್ಟ್‌ಗಳು ತೆರೆದಾಗಿನಿಂದ ಸ್ಥಳೀಯರನ್ನು ಗುರಿಯಾಗಿಸಿದ ಕ್ಯಾಸಿನೊ ಜಾಹೀರಾತಿಗೆ ಅವಕಾಶವಿಲ್ಲ. ಅಲ್ಲಿನ ಪ್ರಜೆಗಳೂ ಕಾಯಂ ನಿವಾಸಿಗಳೂ ಒಳಗೆ ಹೋಗಲು 24 ಗಂಟೆಗೆ 150 ಸಿಂಗಪುರ ಡಾಲರ್ ಶುಲ್ಕ ಕೊಡಬೇಕು. ಜಪಾನ್ 2018ರ ಕಾಯ್ದೆಯಲ್ಲಿ ಇನ್ನೂ ಬಿಗಿ: ಕ್ಯಾಸಿನೊ ಜಾಹೀರಾತು ರೆಸಾರ್ಟ್ ಪ್ರದೇಶದ ಹೊರಗೆ ಹಾಕುವುದಾದರೆ ವಿದೇಶಿಯರು ಬಂದಿಳಿಯುವ ವಿಮಾನ ನಿಲ್ದಾಣ, ಬಂದರುಗಳಲ್ಲಿ ಮಾತ್ರ. ಮಲೇಷ್ಯಾದ ಗೆಂಟಿಂಗ್ ಕ್ಯಾಸಿನೊಗೆ 21 ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ಮುಸ್ಲಿಮರಿಗೂ ಇಲ್ಲ. ಬೆಂಗಳೂರಿನ ಗುಂಪಿನಲ್ಲಿ ಮುಸ್ಲಿಂ ಗೆಳೆಯರಿದ್ದರೆ ಬೆಟ್ಟದ ಮೇಲೆ ಹೋದಮೇಲೆ ಅವರಿಗೆ ಮುಜುಗರವಾಗುವ ಬದಲು ಮೊದಲೇ ಬೇರೆ ಕಾರ್ಯಕ್ರಮ ಇಟ್ಟುಬಿಡಿ. ನೇಪಾಳದ ಕ್ಯಾಸಿನೊಗಳು ಅಲ್ಲಿನ ಪ್ರಜೆಗಳಿಗೆ ಮುಚ್ಚಿವೆ, ನಿಮ್ಮ ನೇಪಾಳಿ ಗೈಡ್ ಒಳಗೆ ಬರುವಂತಿಲ್ಲ. ಕೊಲಂಬೊದಲ್ಲಿ 2025ರಲ್ಲಿ ‘ಸಿಟಿ ಆಫ್ ಡ್ರೀಮ್ಸ್’ ಕ್ಯಾಸಿನೊ ತೆರೆದ ಮೇಲೆ ಇಲ್ಲಿನ ಪೋಸ್ಟರ್‌ಗಳಿಗೂ ಹೊಸ ಹುರುಪು ಬಂದಿದೆ. ಅವಕ್ಕೂ ಮೇಲಿನ ಭಾರತೀಯ ನಿಯಮಗಳೇ ಅನ್ವಯ. ಓದುವವರು ಇಲ್ಲಿದ್ದಾರಲ್ಲ.

ಅಲ್ಲಿನ ರೆಸಾರ್ಟ್‌ಗಳು ಮಾರಾಟಗಾರರಿಗೆ ಕೊಡುವ ಫೋಟೊ ಕಿಟ್‌ನಲ್ಲಿ ಟೇಬಲ್‌ಗಳ ಚಿತ್ರ ಇಲ್ಲದಿದ್ದರೆ ಅದು ಮರೆವಲ್ಲ. ಇಂಟರ್‌ನೆಟ್‌ನಿಂದ ಹುಡುಕಿ ಸೇರಿಸಬೇಡಿ.

ವಿದೇಶಿ ಕ್ಯಾಸಿನೊ ‘ನಿಮ್ಮ ಗ್ರಾಹಕ ಆಡಿದ್ದಕ್ಕೆ ತಕ್ಕಂತೆ ಕಮಿಷನ್’ ಎನ್ನುತ್ತಿದೆ. ಒಪ್ಪಿಕೊಳ್ಳೋಣವೇ?

ಬೇಡ. ಆಡಿದ ಮೊತ್ತದ ಮೇಲೆ ಕಮಿಷನ್ ಪಡೆಯುವ ಕೆಲಸಕ್ಕೆ ಈ ವ್ಯಾಪಾರದಲ್ಲಿ ‘ಜಂಕೆಟ್’ ಎಂಬ ಹೆಸರಿದೆ. ಸಿಂಗಪುರದಲ್ಲಿ, ಮಕಾವ್‌ನಲ್ಲಿ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಆ ಕ್ಷಣದಿಂದ ನೀವು ಟ್ರಾವೆಲ್ ಏಜೆಂಟ್ ಅಲ್ಲ, ಗ್ರಾಹಕ ಆಡಿದಷ್ಟೂ ಲಾಭ ಕಾಣುವ ಪಾಲುದಾರ. ಗ್ರಾಹಕ ಆಡಿದರೂ ಆಡದಿದ್ದರೂ ಬದಲಾಗದ, ರೂಮಿನ ಅಥವಾ ತಲೆ ಲೆಕ್ಕದ ಕಮಿಷನ್ ಮಾತ್ರ ಒಪ್ಪಂದದಲ್ಲಿ ಇರಲಿ.

ನಾವು ರೆಸಾರ್ಟ್ ಮಾತ್ರ ಮಾರುತ್ತಿದ್ದೇವೆ ಎಂದು ಹೇಳಿಕೊಂಡರೆ ಬಚಾವೇ?

ಹೇಳಿಕೊಳ್ಳುವುದಕ್ಕೂ ಮಾಡುವುದಕ್ಕೂ ಅಂತರ ಇದ್ದರೆ ಬಚಾವಿಲ್ಲ. ಚೀನಾದ ಮುಖ್ಯಭೂಮಿಯಲ್ಲಿ ಜೂಜಿನ ಪ್ರಚಾರ ನಿಷಿದ್ಧ, ರೆಸಾರ್ಟ್ ಮಾರಬಹುದು. ಆಸ್ಟ್ರೇಲಿಯದ ಕ್ರೌನ್ ಎಂಬ ಕ್ಯಾಸಿನೊ ಕಂಪನಿಯ ಸಿಬ್ಬಂದಿ ಅಲ್ಲಿ ದೊಡ್ಡ ಆಟಗಾರರನ್ನು ಹುಡುಕಿ ಕಳಿಸುತ್ತಿದ್ದರು. 2016ರ ಅಕ್ಟೋಬರ್‌ನಲ್ಲಿ ಬಂಧನ, 2017ರ ಜೂನ್‌ನಲ್ಲಿ ಶಾಂಘೈ ನ್ಯಾಯಾಲಯದಲ್ಲಿ ಹಾಲಿ-ಮಾಜಿ ಸಿಬ್ಬಂದಿ 19 ಮಂದಿಗೆ ಶಿಕ್ಷೆ. ಅಲ್ಲಿಗೇ ನಿಲ್ಲಲಿಲ್ಲ: ಚೀನಾ 2020ರ ಆಗಸ್ಟ್‌ನಲ್ಲಿ ಕ್ಯಾಸಿನೊ ತೋರಿಸಿ ತನ್ನ ಪ್ರವಾಸಿಗರನ್ನು ಸೆಳೆಯುವ ವಿದೇಶಿ ಊರುಗಳ ಕಪ್ಪುಪಟ್ಟಿ ಮಾಡುವುದಾಗಿ ಘೋಷಿಸಿತು. 2021ರ ಮಾರ್ಚ್ 1ರಿಂದ ಜನರನ್ನು ಜೂಜಿಗಾಗಿ ವಿದೇಶಕ್ಕೆ ಸಂಘಟಿಸುವುದನ್ನೇ ಅಪರಾಧವಾಗಿಸಿತು. ಪ್ರವಾಸೋದ್ಯಮದ ಹೆಸರಿನ ಜೂಜು ಪ್ರಚಾರಕ್ಕೆ ಒಂದು ಸರ್ಕಾರ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದು ಒಂದು ತುದಿ. ಭಾರತ ಆ ತುದಿಯಲ್ಲಿಲ್ಲ. ಆದರೂ ನಿಮ್ಮ ಸೇಲ್ಸ್ ಹುಡುಗರ ವಾಟ್ಸಾಪ್ ಮಾತುಕತೆ ಬ್ರೋಷರ್‌ನಷ್ಟೇ ಸಾಕ್ಷಿ ಎಂಬುದು ಎಲ್ಲ ಕಡೆಯೂ ನಿಜ.

ಗ್ರಾಹಕರ ಪರವಾಗಿ ಕ್ಯಾಸಿನೊಗೆ ಮುಂಗಡ ಕಳಿಸಬಹುದೇ?

ಕಳಿಸಬೇಡಿ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಇತ್ಯಾದಿಗಳಿಗೆ ವಿದೇಶಕ್ಕೆ ಹಣ ಕಳಿಸುವುದನ್ನು ವಿದೇಶಿ ವಿನಿಮಯದ 2000ದ ನಿಯಮಗಳ ಮೊದಲ ಅನುಸೂಚಿ ನಿಷೇಧಿಸಿದೆ. ‘ಪ್ರವಾಸದ ಖರ್ಚು’ ಎಂದು ಬರೆದು ಚಿಪ್‌ಗೆ ಕಳಿಸಿದರೆ ಸುಳ್ಳು ಘೋಷಣೆಯ ತಪ್ಪೂ ಸೇರುತ್ತದೆ. ‘ಇಲ್ಲಿ ಚಿಕ್ಕಪೇಟೆಯಲ್ಲಿ ರೂಪಾಯಿ ಕೊಡಿ, ಅಲ್ಲಿ ಡಾಲರ್ ಕೊಡುತ್ತೇವೆ’ ಎನ್ನುವುದು ಹವಾಲಾ, ಅದಕ್ಕೆ ಬೇರೆ ಹೆಸರಿಲ್ಲ.

ಪ್ಯಾಕೇಜ್‌ನ ಬಿಲ್ಲಿನಲ್ಲಿ ಜಿಎಸ್‌ಟಿ ಹೇಗೆ ಹಾಕುವುದು?

ಟೂರ್ ಆಪರೇಟರ್ ಸೇವೆಗೆ, ಇನ್‌ಪುಟ್ ಕ್ರೆಡಿಟ್ (ನೀವು ಕೊಂಡದ್ದಕ್ಕೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ಪಡೆಯದೆ ಇದ್ದರೆ, ಶೇ 5. ಕ್ಯಾಸಿನೊ ಪ್ರವೇಶಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಮೊದಲು 28 ಇತ್ತು. ಎರಡನ್ನೂ ಸೇರಿಸಿ ಒಂದೇ ದರ ಹೇಳಿದರೆ ಅದು ಮಿಶ್ರ ಪೂರೈಕೆ ಎಂದು ಅಧಿಕಾರಿ ವಾದಿಸಬಹುದು. ಹಾಗಾದರೆ ಇಡೀ ಮೊತ್ತಕ್ಕೆ ಅದರಲ್ಲಿರುವ ಅತಿ ಹೆಚ್ಚಿನ ದರವೇ ಬೀಳುತ್ತದೆ.

ಉದಾಹರಣೆಗೆ ತೆರಿಗೆ ಬಿಟ್ಟು 12,000 ರೂಪಾಯಿ ಪ್ಯಾಕೇಜ್, ಅದರಲ್ಲಿ ಪ್ರವೇಶ 3,000 ಎಂದುಕೊಳ್ಳಿ. ಬೇರೆ ಬೇರೆ ಮಾಡಿದರೆ 9,000ಕ್ಕೆ 450, 3,000ಕ್ಕೆ 1,200, ಒಟ್ಟು ತೆರಿಗೆ 1,650. ಕಲಸಿದರೆ 12,000ಕ್ಕೆ ಶೇ 40, ಅಂದರೆ 4,800. ತಲೆಗೆ 3,150 ರೂಪಾಯಿ ವ್ಯತ್ಯಾಸ, ಅದೂ ಪ್ರವಾಸ ಮುಗಿದು ಗ್ರಾಹಕ ಮನೆ ಸೇರಿದ ಮೇಲೆ ನಿಮ್ಮ ಕೈಯಿಂದ. ಒಳ್ಳೆಯ ದಾರಿ ಎಂದರೆ ಪ್ರವೇಶದ ರಸೀದಿ ಕ್ಯಾಸಿನೊದಿಂದ ನೇರವಾಗಿ ಗ್ರಾಹಕರ ಹೆಸರಿಗೇ ಬರಲಿ. ನೀವು ಅವರ ಪರವಾಗಿ ಕಟ್ಟಿದ್ದಷ್ಟನ್ನೇ, ಒಂದು ಪೈಸೆ ಸೇರಿಸದೆ, ವಸೂಲಿ ಮಾಡಿ. ಇದಕ್ಕೆ ಜಿಎಸ್‌ಟಿ ನಿಯಮಗಳ 33ನೇ ನಿಯಮದಲ್ಲಿ ‘ಪ್ಯೂರ್ ಏಜೆಂಟ್’ ಎಂಬ ವ್ಯವಸ್ಥೆ ಇದೆ. ಷರತ್ತುಗಳನ್ನು ನಿಮ್ಮ ಆಡಿಟರ್ ಜೊತೆ ಕೂತು ಓದಿ. ಹೀಗೆ ಬಿಲ್ಲು ಬೇರ್ಪಡಿಸಿದವರಿಗೆ ಪೋಸ್ಟರ್ ಬೇರ್ಪಡಿಸುವುದೂ ಸುಲಭ.

ಬೆಂಗಳೂರು ನೋಡಲು ಬರುವವರನ್ನು ಕುದುರೆ ರೇಸಿಗೆ ಕರೆದೊಯ್ಯುತ್ತೇವೆ. ಅದರ ಪ್ರಚಾರ?

ಕುದುರೆ ಪಂದ್ಯ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಪರವಾನಗಿ ಇರುವ ರೇಸ್‌ಕೋರ್ಸ್ ಒಳಗೆ ಬೆಟ್ಟಿಂಗ್ ನಡೆಯುತ್ತದೆ. ಡರ್ಬಿ ದಿನದ ಸಂಭ್ರಮ, ಹಳೆಯ ಬೆಂಗಳೂರಿನ ವಾತಾವರಣ, ಕುದುರೆ, ಓಟ ಇವನ್ನೆಲ್ಲ ತೋರಿಸಿ. ಯಾವ ಕುದುರೆ ಗೆಲ್ಲುತ್ತದೆ ಎಂಬ ಟಿಪ್ಸ್ ಕೊಡಬೇಡಿ. ಬಸ್ಸಿನಲ್ಲೇ ಪ್ರವಾಸಿಗರಿಂದ ದುಡ್ಡು ಕೂಡಿಸಿ ‘ನಾವು ಹಾಕುತ್ತೇವೆ’ ಎನ್ನುವುದು ಮಾತ್ರ ಪರವಾನಗಿ ಇಲ್ಲದ ಬುಕ್ಕಿ ಕೆಲಸ.

ಕನಕಪುರ ರಸ್ತೆಯ ರೆಸಾರ್ಟ್‌ನಲ್ಲಿ ಕಂಪನಿಯವರಿಗೆ ‘ಕ್ಯಾಸಿನೊ ನೈಟ್’ ಮಾಡಬಹುದೇ?

ದುಡ್ಡು ಪಣಕ್ಕಿರದಿದ್ದರೆ ಅದು ನಾಟಕ, ಜೂಜಲ್ಲ. ಎಲ್ಲಿ ಜಾರುತ್ತದೆ ಎಂದರೆ: ಆಡುವವರು ಚಿಪ್‌ಗೆ ದುಡ್ಡು ಕೊಟ್ಟಾಗ, ಚಿಪ್ ಮುಗಿದವರಿಗೆ ‘ಇನ್ನೊಂದು ಐನೂರಕ್ಕೆ’ ಎಂದು ಮತ್ತೆ ಮಾರಿದಾಗ, ಎಲ್ಲರಿಂದ ಎತ್ತಿದ ಪ್ರವೇಶ ಶುಲ್ಕವೇ ಗೆದ್ದವರ ಬಹುಮಾನವಾದಾಗ, ಪಕ್ಕದ ಟೇಬಲ್‌ನಲ್ಲಿ ನಾಲ್ಕು ಜನ ‘ನಮ್ಮನಮ್ಮಲ್ಲೇ’ ಎಂದು ಅಂದರ್-ಬಾಹರ್ ಶುರು ಮಾಡಿದಾಗ. ಕೊನೆಯದೇ ಹೆಚ್ಚು. ಆಗ ಜಾಗ ಕೊಟ್ಟ ರೆಸಾರ್ಟಿಗೆ 79, ಕೂತವರಿಗೆ 80ನೇ ಕಲಂ. ಎಲ್ಲರಿಗೂ ಸಮನಾಗಿ ಪುಕ್ಕಟೆ ಚಿಪ್ ಕೊಡಿ, ಮರುಮಾರಾಟ ಬೇಡ, ಬಹುಮಾನ ಕಂಪನಿಯ ಖರ್ಚಿನಲ್ಲಿ ಒಂದು ಟೀ ಮಗ್ಗೋ ಟಿ-ಶರ್ಟೋ ಆಗಿರಲಿ. ರಾತ್ರಿ ಹನ್ನೊಂದಕ್ಕೆ ಚಿಪ್‌ಗಳನ್ನು ವಾಪಸ್ ಪಡೆದು ಎಣಿಸಿ ಎತ್ತಿಡಿ. ಆಹ್ವಾನದಲ್ಲಿ ‘ಕ್ಯಾಸಿನೊ ನೈಟ್’ ಎಂದಷ್ಟೇ ಬರೆದರೆ ಊಹೆಗೆ ಎಡೆ; ‘ಹಣವಿಲ್ಲದ ಮೋಜಿನ ಆಟ’ ಎಂದೂ ಸೇರಿಸಿ.

ಯುಗಾದಿ, ದೀಪಾವಳಿಗೆ ಇಸ್ಪೀಟು ಆಡುವುದು ಸಂಪ್ರದಾಯ. ‘ಯುಗಾದಿ ಅದೃಷ್ಟ ಪರೀಕ್ಷೆ’ ಆಫರ್?

ಮಂಡ್ಯ, ಮೈಸೂರು ಕಡೆ ಯುಗಾದಿ ಜೂಜು ಇದೆ ಎಂಬುದು ಎಲ್ಲರಿಗೂ ಗೊತ್ತು, ಪೊಲೀಸರಿಗೂ. ಸಂಪ್ರದಾಯಕ್ಕೆಂದು ಪೊಲೀಸ್ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಬೇವು-ಬೆಲ್ಲ ಇಡಿ, ಹೋಳಿಗೆ ಊಟ ಇಡಿ. ಅದೃಷ್ಟವನ್ನು ಪಂಚಾಂಗದವರಿಗೆ ಬಿಡಿ.

ಕೇರಳ ಟೂರ್ ಜೊತೆ ಓಣಂ ಬಂಪರ್ ಟಿಕೆಟ್ ಕೊಡಬಹುದೇ?

ಕರ್ನಾಟಕ 2007ರಿಂದ ಲಾಟರಿಮುಕ್ತ. ಬೇರೆ ರಾಜ್ಯದ ಲಾಟರಿಯನ್ನು ತನ್ನಲ್ಲಿ ಮಾರದಂತೆ ತಡೆಯುವ ಅಧಿಕಾರವನ್ನು 1998ರ ಲಾಟರಿ ಕಾಯ್ದೆಯ 5ನೇ ಕಲಂ ರಾಜ್ಯಕ್ಕೆ ಕೊಟ್ಟಿದೆ. 2024ರ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದದ್ದು ನಿಜ, ಆದರೆ ಅವರ ಟಿಕೆಟ್ ಮಾರಾಟವಾದದ್ದು ವಯನಾಡಿನಲ್ಲಿ. ಪ್ರವಾಸಿಗರು ಅಲ್ಲಿನ ಅಂಗಡಿಯಲ್ಲಿ ತಾವೇ ಕೊಂಡರೆ ಅದು ಅವರ ವಿಷಯ. ನೀವು ಇಲ್ಲಿ ಕೂತು ‘ಬಂಪರ್ ಸಹಿತ ವಯನಾಡ್’ ಎಂದು ಮಾರಿದರೆ ಅದು ನಿಮ್ಮ ವಿಷಯ. ಕೇರಳ ಲಾಟರಿ ಕಾಗದದ ಟಿಕೆಟ್ ಮಾತ್ರ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ದುಡ್ಡು ಕೇಳುವವರೆಲ್ಲ ಮೋಸಗಾರರು ಎಂದು ನಿಮ್ಮ ಗ್ರಾಹಕರಿಗೂ ಹೇಳಿ.

ಪೋಸ್ಟರ್ ಈಗಾಗಲೇ ಹೊರಗೆ ಹೋಗಿದೆ, ನೋಟಿಸ್ ಬಂದಿದೆ. ಏನು ಮಾಡಬೇಕು?

ಮೊದಲು ಜಾಹೀರಾತು ನಿಲ್ಲಿಸಿ, ಆದರೆ ಅಳಿಸುವ ಮುನ್ನ ದಾಖಲೆ ತೆಗೆಯಿರಿ. ಪೋಸ್ಟಿನ ಸ್ಕ್ರೀನ್‌ಶಾಟ್, ಯಾವ ದಿನದಿಂದ ಯಾವ ದಿನದವರೆಗೆ ಓಡಿತು, ಯಾವ ಊರು ಯಾವ ವಯಸ್ಸಿನವರಿಗೆ ತೋರಿಸಿದಿರಿ, ಎಷ್ಟು ಖರ್ಚಾಯಿತು, ಡಿಸೈನ್‌ಗೆ ಒಪ್ಪಿಗೆ ಕೊಟ್ಟ ಇಮೇಲ್. ಗಾಬರಿಯಲ್ಲಿ ಎಲ್ಲ ಡಿಲೀಟ್ ಮಾಡಿದವರಿಗೆ ಮಕ್ಕಳಿಗೆ ತೋರಿಸಿಲ್ಲ ಎಂದು ಸಾಬೀತು ಮಾಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಮೇಲೆ ಅದೇ ಪೋಸ್ಟರ್ ಹಂಚಿದ ಉಪ-ಏಜೆಂಟರಿಗೆ, ಇನ್‌ಫ್ಲುಯೆನ್ಸರ್‌ಗೆ ಲಿಖಿತವಾಗಿ ತೆಗೆಯಲು ಹೇಳಿ. ನೋಟಿಸ್‌ಗೆ ಅದರಲ್ಲಿ ಕೊಟ್ಟ ಗಡುವಿನೊಳಗೆ ವಕೀಲರ ಮೂಲಕ ಉತ್ತರಿಸಿ.

ಗ್ರಾಹಕ ರಕ್ಷಣಾ ಕಾಯ್ದೆಯ 21ನೇ ಕಲಂನಲ್ಲಿ ದಂಡ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪ್ರಚಾರ ಮಾಡಿದ ವ್ಯಕ್ತಿಗೆ ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷದವರೆಗೆ ಪ್ರಚಾರ ನಿಷೇಧ. ಪ್ರಚಾರಕ್ಕೆ ಮುನ್ನ ಸಾಕಷ್ಟು ಪರಿಶೀಲಿಸಿದ್ದೆ ಎಂದು ತೋರಿಸಿದವರಿಗೆ ರಕ್ಷಣೆ ಇದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಇಟ್ಟುಕೊಂಡ ಆ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುವುದು ಇಲ್ಲೇ. ಆದೇಶದ ವಿರುದ್ಧ 30 ದಿನದೊಳಗೆ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ನಾವು ಗ್ರಾಹಕರು. ಇಂಥ ಪೋಸ್ಟರ್ ಕಂಡರೆ, ಅಥವಾ ಮೋಸ ಹೋದರೆ ಎಲ್ಲಿ ಹೇಳುವುದು?

ದಾರಿತಪ್ಪಿಸುವ ಜಾಹೀರಾತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆ್ಯಪ್‌ನಲ್ಲಿ ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930, ಅದೂ ಗಂಟೆಗಳೊಳಗೆ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಓಡುತ್ತದೆ. ಮನೆಯವರೊಬ್ಬರು ಆಟ ಬಿಡಲಾಗದ ಸ್ಥಿತಿ ತಲುಪಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಫೋನ್ ಬಿಟ್ಟಿರಲಾಗದಷ್ಟು ಆನ್‌ಲೈನ್ ಆಟ ಹತ್ತಿಕೊಂಡಿದ್ದರೆ ನಿಮ್ಹಾನ್ಸ್‌ನ ‘ಷಟ್’ ಕ್ಲಿನಿಕ್ ಇದೆ.

ಕ್ಯಾಸಿನೊ ಬೇಡ ಎಂದರೆ ಪ್ಯಾಕೇಜ್‌ನ ಆ ಹಣ ವಾಪಸ್ ಸಿಗುತ್ತದೆಯೇ?

ಏಜೆನ್ಸಿ ಪ್ರವೇಶವನ್ನು ಬೇರೆ ಸಾಲಿನಲ್ಲಿ ತೋರಿಸಿದ್ದರೆ ಕೇಳುವುದು ಸುಲಭ, ಒಂದೇ ಮೊತ್ತದಲ್ಲಿ ಮುಚ್ಚಿಟ್ಟಿದ್ದರೆ ಕಷ್ಟ. ಬುಕ್ ಮಾಡುವಾಗಲೇ ಕ್ಯಾಸಿನೊ ಇರುವ ದರ, ಇಲ್ಲದ ದರ ಎರಡನ್ನೂ ಬರಹದಲ್ಲಿ ಕೇಳಿ. ಏಜೆನ್ಸಿಯವರಿಗೂ ಇದೇ ಮಾತು: ದರಪಟ್ಟಿಯಲ್ಲಿ ಎರಡು ಕಾಲಂ ಇಡಿ, ‘ಇಲ್ಲದ ದರ’ ಮೊದಲ ಕಾಲಂನಲ್ಲಿರಲಿ.